ಆನೆ ನೋಡಿ ಬಂದವನ ರಕ್ತ

ಅಂಗಿಯ ತೋಳು ಮಡಚಿಕೊಂಡೇ ಒಳಗೆ ಹೋದೆ. ಹೊಟ್ಟೆ ತುಂಬ ತಿಂದು, ಎರಡು ಬಾಟಲಿ ನೀರು ಕುಡಿದು, ರಕ್ತದಾನಕ್ಕೆ ಮದುಮಗನ ಹಾಗೆ ತಯಾರಾಗಿದ್ದೆ. ಫಾರಂನಲ್ಲಿ ಒಂದು ಪ್ರಶ್ನೆ: 'ಇತ್ತೀಚೆಗೆ ವಿದೇಶಕ್ಕೆ ಹೋಗಿದ್ದಿರಾ?' ಯಾರಾದರೂ ಕೇಳಲಿ ಅಂತ ನಾನು ಕಾಯುತ್ತಿದ್ದದ್ದೇ ಅದನ್ನು. 'ಟಾಂಜಾನಿಯಾ, ಎಂಟು ದಿನ' ಅಂತ ದಪ್ಪ ಅಕ್ಷರದಲ್ಲಿ ಬರೆದು, ಆನೆಯ ಫೋಟೋ ತೋರಿಸಲು ಫೋನನ್ನೂ ತೆಗೆದೆ.

ನರ್ಸ್‌ಗೆ ಆನೆ ಬೇಕಿರಲಿಲ್ಲ. ಅವರ ಚಿಂತೆ ಸೊಳ್ಳೆಯದು.

'ಮಲೇರಿಯಾ ಇರೋ ಜಾಗ. ಮೂರು ತಿಂಗಳು ಬಿಟ್ಟು ಬನ್ನಿ.'

'ಒಂದೂ ಕಚ್ಚಿಲ್ಲ ಮೇಡಂ. ಮಾತ್ರೆನೂ ತಗೊಂಡಿದ್ದೆ.'

ಕಚ್ಚುವ ಸೊಳ್ಳೆ ಹೇಳಿ ಕಚ್ಚುತ್ತಾ ಅನ್ನೋ ಹಾಗೆ ನೋಡಿದರು. ಮಾತ್ರೆ ಕೆಲವೊಮ್ಮೆ ಜ್ವರವನ್ನು ತಡೆಯುವ ಬದಲು ತಡ ಮಾಡುತ್ತದಂತೆ. ಮಲೇರಿಯಾದ ಕೆಲವು ಪರಾವಲಂಬಿಗಳು ಲಿವರ್‌ನಲ್ಲಿ ತಿಂಗಳುಗಟ್ಟಲೆ ನಿದ್ದೆ ಹೊಡೆಯುತ್ತವೆ. ಫ್ರಿಜ್‌ನಲ್ಲಿಟ್ಟ ರಕ್ತದ ಚೀಲದಲ್ಲೂ ಬದುಕುವ ಗಟ್ಟಿ ಪಿಂಡ ಅದು. ಅಮೆರಿಕದಲ್ಲಿ 2020ರವರೆಗೂ ಹೀಗೆ ಹೋಗಿಬಂದವರನ್ನು ಒಂದು ವರ್ಷ ಕಾಯಿಸುತ್ತಿದ್ದರು. ಮೂರೇ ತಿಂಗಳು ಅಂದಿದ್ದಕ್ಕೆ ನಾನು ಖುಷಿಪಡಬೇಕಿತ್ತು.

ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ ಕಾದೆ. ಇನ್ನೊಂದು ವಾರ ಇದೆ ಅನ್ನುವಾಗ ಆಫೀಸಿನವರು ಇಟಲಿಗೆ ಕಳಿಸಿದರು. ಯುರೋಪ್ ಅಲ್ವಾ, ಏನಾಗುತ್ತೆ ಅಂದುಕೊಂಡೆ. ಬೇಸಿಗೆಯಲ್ಲಿ ಅಲ್ಲಿ ವೆಸ್ಟ್ ನೈಲ್ ವೈರಸ್ ಹರಡುವ ಸೊಳ್ಳೆಗಳು! ಹೆಸರು ಉಗಾಂಡದ ಒಂದು ಜಿಲ್ಲೆಯದು, ಕಾಟ ಇಟಲಿಯಲ್ಲಿ. ಮತ್ತೆ 28 ದಿನ.

ನನ್ನದೇನೂ ದೊಡ್ಡ ಕಥೆಯಲ್ಲ, ಅಣ್ಣನದು ಕೇಳಿ. 1995ರಲ್ಲಿ ಒಂದು ವರ್ಷ ಲಂಡನ್‌ನಲ್ಲಿ ಓದಿ, ಆಮೇಲೆ ಅಮೆರಿಕ ಸೇರಿದ. ರಕ್ತ ಕೊಡಲು ಹೋದರೆ, 1980ರಿಂದ 1996ರ ನಡುವೆ ಬ್ರಿಟನ್‌ನಲ್ಲಿ ಒಟ್ಟು ಮೂರು ತಿಂಗಳು ಇದ್ದವರದು ಬೇಡ ಅಂದರು. ರೋಗ ಬಂದ ದನದ ಮಾಂಸ ತಿಂದವರಿಗೂ ಅಂಟುವ ಹುಚ್ಚು ಹಸು ರೋಗದ ಭಯ. ಅಣ್ಣ ಹುಟ್ಟಾ ಸಸ್ಯಾಹಾರಿ. 'ನಾನು ಹಸುವನ್ನು ತಿಂದವನಲ್ಲ, ಹಸುವಿನ ಪಾಲಿನ ಸೊಪ್ಪು ತಿಂದವನು' ಅಂತ ವಾದ ಹೂಡಿದ. ತಟ್ಟೆಯಲ್ಲಿ ಏನಿತ್ತು ಅಂತ ನಿಯಮ ಕೇಳುತ್ತಲೇ ಇರಲಿಲ್ಲ, ದಿನ ಎಷ್ಟು ಅಂತ ಮಾತ್ರ. ಸುಮ್ನೆ ಮಾಡಿದ್ದಲ್ಲ ಬಿಡಿ. ಬ್ರಿಟನ್‌ನಲ್ಲಿ ರಕ್ತ ಪಡೆದು ಆ ಸೋಂಕು ಅಂಟಿಸಿಕೊಂಡವರು ಇದ್ದರು. ದಾನಿಗಳಲ್ಲಿ ಅದನ್ನು ಪತ್ತೆ ಮಾಡುವ ಪರೀಕ್ಷೆ ಇರಲಿಲ್ಲ. ಆದರೂ ಬ್ರಿಟನ್‌ನವರು ತಮ್ಮ ಜನರ ರಕ್ತ ತಗೊಳ್ತಾನೇ ಇದ್ದರು. ಇಡೀ ದೇಶವನ್ನೇ ವಾಪಸ್ ಕಳಿಸೋಕಾಗುತ್ತಾ? 2022ರಲ್ಲಿ ಅಮೆರಿಕ ಆ ನಿಯಮ ಕೈಬಿಟ್ಟಿತು. ಅಷ್ಟರಲ್ಲಿ ಅಣ್ಣನ ತಲೆ ಪೂರ್ತಿ ನೆರೆತಿತ್ತು.

ಅಂತೂ ನನ್ನ 28 ದಿನವೂ ಕಳೆಯಿತು. ತಾರೀಖುಗಳನ್ನೆಲ್ಲ ಎರಡೆರಡು ಸಲ ಎಣಿಸಿ ನರ್ಸ್ ತಲೆಯಾಡಿಸಿದರು. ಬೆರಳಿಗೆ ಚುಚ್ಚಿ, ಒಂದು ಹನಿ ರಕ್ತವನ್ನು ನೀಲಿ ಬಣ್ಣದ ಕಾಪರ್ ಸಲ್ಫೇಟ್ ದ್ರಾವಣಕ್ಕೆ ಬಿಟ್ಟರು. ಹಿಮೋಗ್ಲೋಬಿನ್ 12.5 ಇದ್ದರೆ ಹನಿ ಮುಳುಗಬೇಕು. ನನ್ನ ಹನಿ ಅರ್ಧ ಇಳಿಯಿತು. ಯೋಚನೆ ಮಾಡುವ ಹಾಗೆ ನಿಂತಿತು. ಆಮೇಲೆ ನಿಧಾನಕ್ಕೆ ಮೇಲೆ ಬಂತು. ಇಬ್ಬರೂ ಮಾತಾಡದೆ ಅದನ್ನೇ ನೋಡಿದೆವು.

'ಕಬ್ಬಿಣಾಂಶದ ಊಟ ಜಾಸ್ತಿ ಮಾಡಿ. ಮೂರು ತಿಂಗಳು ಬಿಟ್ಟು ಬರ್ತೀರಾ?'

ಆ ಹೊತ್ತಿಗೆ ಇನ್ನೊಂದು ಟಿಕೆಟ್ ಆಗಿದೆ ಅಂತ ಹೇಳಲು ಬಾಯಿ ಬರಲಿಲ್ಲ.