ಮೊದಲು ಎದ್ದು ನಿಲ್ಲಲಿ, ಸಾಲ ಆಮೇಲೆ ತೀರಿಸಲಿ

ನಾನಿರುವ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಎತ್ತ ತಿರುಗಿದರೂ ಹೈಂಜ್ ಅನ್ನುವ ಹೆಸರು ಕಾಣುತ್ತದೆ. ಮ್ಯೂಸಿಯಂಗೆ ಅದೇ ಹೆಸರು, ಸಂಗೀತ ಸಭಾಂಗಣಕ್ಕೂ ಅದೇ. ಹಳೇ ಫ್ಯಾಕ್ಟರಿ ಈಗ ಅಪಾರ್ಟ್‌ಮೆಂಟ್ ಆಗಿದೆ, ಅದಕ್ಕೂ ಅದೇ ಹೆಸರು. ಆ ಕೆಚಪ್ ಬಾಟಲಿ ನಮ್ಮೂರಿನ ಅಂಗಡಿಗಳಿಗೂ ಬಂದಿದೆ. ಆದರೆ ಈ ಹೆನ್ರಿ ಹೈಂಜ್ 1875ರ ಡಿಸೆಂಬರ್‌ನಲ್ಲಿ ಪೂರ್ತಿ ಪಾಪರ್ ಆಗಿದ್ದ ಅನ್ನುವುದು ಇಲ್ಲಿನವರಲ್ಲೇ ಎಷ್ಟೋ ಜನರಿಗೆ ಗೊತ್ತಿಲ್ಲ.

ಆಗ ಅವನಿಗೆ 31 ವರ್ಷ. ಪಾರ್ಟ್‌ನರ್ ಜೊತೆ ಸೇರಿ ಹಾರ್ಸ್‌ರ‍್ಯಾಡಿಶ್ ಅನ್ನುವ ಖಾರದ ಬೇರು, ಉಪ್ಪಿನಕಾಯಿ ಮಾರುತ್ತಿದ್ದ. ಬೇರೆಯವರು ಬಣ್ಣದ ಬಾಟಲಿಯಲ್ಲಿ ತುಂಬಿ ಒಳಗಿನ ಕಲಬೆರಕೆ ಮುಚ್ಚಿಡುತ್ತಿದ್ದರೆ, ಇವನು ತಿಳಿ ಗಾಜಿನ ಬಾಟಲಿಯಲ್ಲಿ ತುಂಬಿ ಕಣ್ಣಾರೆ ನೋಡಿ ಕೊಳ್ಳಿ ಅನ್ನುತ್ತಿದ್ದ. ಇಲಿನಾಯ್ ರಾಜ್ಯದ ರೈತರ ಜೊತೆ ಒಂದು ಕರಾರು ಮಾಡಿಕೊಂಡಿದ್ದ. ಬೆಳೆದ ಸೌತೆಕಾಯಿ, ಕೋಸು ಎಲ್ಲವನ್ನೂ ಗೊತ್ತಾದ ಬೆಲೆಗೆ ಕೊಳ್ಳುತ್ತೇನೆ ಅಂತ. ಆ ವರ್ಷ ಬೆಳೆ ಸಿಕ್ಕಾಪಟ್ಟೆ ಬಂತು. 1873ರ ಆರ್ಥಿಕ ಕುಸಿತದ ಬಿಸಿ ಇನ್ನೂ ಆರಿರಲಿಲ್ಲ, ಬ್ಯಾಂಕುಗಳು ದುಡ್ಡು ಬಿಚ್ಚುತ್ತಿರಲಿಲ್ಲ. ಒಂದು ಕಡೆ ಸೌತೆಕಾಯಿ ರಾಶಿ ಬೀಳುತ್ತಿದೆ, ಇನ್ನೊಂದು ಕಡೆ ರೈತರಿಗೆ ಕೊಡಲು ಕೈಯಲ್ಲಿ ಕಾಸಿಲ್ಲ. ಗಿರಾಕಿಗಳಿದ್ದರು, ಸರಕೂ ಚೆನ್ನಾಗಿತ್ತು. ಕೈಯಲ್ಲಿ ರೊಕ್ಕ ಓಡಾಡದೆ ವ್ಯಾಪಾರ ಬಿದ್ದುಹೋಯಿತು. ಸರಕು ಮುಚ್ಚಿಟ್ಟಿದ್ದಾನೆ ಅಂತ ದೂರು ಬಿದ್ದು, ಬಂಧನವೂ ಆಯಿತು.

ಕೆಲವೇ ತಿಂಗಳಲ್ಲಿ, 1876ರಲ್ಲಿ, ಅವನು ಮತ್ತೆ ಶುರು ಮಾಡಿದ. ಸ್ವಂತ ಹೆಸರಿನಲ್ಲಿ ಮಾಡುವ ಹಾಗಿರಲಿಲ್ಲ. ತಮ್ಮ ಜಾನ್ ಮತ್ತು ಸಂಬಂಧಿ ಫ್ರೆಡರಿಕ್ ಮುಂದೆ ಬಂದರು, ಕಂಪನಿಗೆ ಎಫ್ ಅಂಡ್ ಜೆ ಹೈಂಜ್ ಅಂತ ಹೆಸರಾಯಿತು. ಇವನು ಅದರಲ್ಲಿ ಸಂಬಳಕ್ಕಿದ್ದ ಮ್ಯಾನೇಜರ್. ಕೆಚಪ್ ಬಂದದ್ದು ಆ ಹೊತ್ತಿನಲ್ಲೇ. ನನಗೆ ಇಡೀ ಕಥೆಯಲ್ಲಿ ಹೆಚ್ಚು ಹಿಡಿಸಿದ್ದು ಅವನು ಇಟ್ಟುಕೊಂಡಿದ್ದ ಒಂದು ಲೆಕ್ಕದ ಪುಸ್ತಕ. ಅದರ ಮೇಲೆ ಎಂ.ಓ. ಅಂತ ಬರೆದಿದ್ದ, ಅಂದರೆ ಮಾರಲ್ ಆಬ್ಲಿಗೇಷನ್ಸ್, ಧರ್ಮದ ಬಾಕಿ. ಹಳೇ ಕಂಪನಿಗೆ ಸಾಲ ಕೊಟ್ಟವರ ಹೆಸರು, ಮೊತ್ತ ಎಲ್ಲ ಅದರಲ್ಲಿ. ಕಾನೂನು ಆ ಸಾಲದಿಂದ ಅವನನ್ನು ಬಿಡಿಸಿತ್ತು. ಆದರೂ ವರ್ಷಗಟ್ಟಲೆ ಒಬ್ಬೊಬ್ಬರದೇ ತೀರಿಸಿದ. 1888ರಲ್ಲಿ ಕಂಪನಿ ಅವನ ಹೆಸರಿಗೇ ಬಂತು. ಅವನು ತೀರಿಕೊಂಡದ್ದು 1919ರಲ್ಲಿ, ಹೆಸರು ಇನ್ನೂ ಓಡುತ್ತಿದೆ.

ಇದನ್ನು ಓದಿದ ನಮ್ಮ ಕಡೆಯವರು ಖುಷಿಯಿಂದ ಹೇಳುತ್ತಾರೆ, ನೋಡಿ, ಮಾನವಂತ, ಸಾಲ ಉಳಿಸಿಕೊಳ್ಳಲಿಲ್ಲ ಅಂತ. ನಿಜ. ಆದರೆ ಯಾವುದು ಮೊದಲು ಆಯಿತು, ಯಾವುದು ಆಮೇಲೆ ಅಂತ ನೋಡಬೇಕು. ಮೊದಲು ಅವನನ್ನು ಬಿಟ್ಟರು. ಅವನು ನಿಂತ. ಆಮೇಲೆ ತೀರಿಸಿದ. ನಮ್ಮಲ್ಲಿ ಇದು ತಿರುಗಾಮುರುಗಾ. ಮೊದಲು ತೀರಿಸು, ಆಮೇಲೆ ಬೇಕಾದರೆ ನಿಲ್ಲು ಅನ್ನುತ್ತೇವೆ. ಅಂಗಡಿಯೇ ಮುಚ್ಚಿದವನು ಎಲ್ಲಿಂದ ತೀರಿಸಬೇಕು?

ಇಲ್ಲಿ ನನ್ನ ಗೆಳೆಯರೊಬ್ಬರು ಪ್ರಿಂಟಿಂಗ್ ವ್ಯಾಪಾರ ಮಾಡಿ ಕೈ ಸುಟ್ಟುಕೊಂಡರು. ಬ್ಯಾಂಕಿಗೆ ವೈಯಕ್ತಿಕ ಜಾಮೀನು ಬರೆದುಕೊಟ್ಟಿದ್ದರು. ಅಮೆರಿಕದ ಬ್ಯಾಂಕುಗಳೂ ಅದನ್ನು ಕೇಳುತ್ತವೆ, ಆ ವಿಷಯದಲ್ಲಿ ಇವರೇನೂ ಧರ್ಮರಾಯರಲ್ಲ. ಇಲ್ಲಿನ ದಿವಾಳಿ ಕಾಯ್ದೆಯ ಚಾಪ್ಟರ್ 7 ಅಡಿ ಅರ್ಜಿ ಹಾಕಿದ ದಿನದಿಂದ ವಸೂಲಿಯ ಫೋನುಗಳು ನಿಲ್ಲಲೇಬೇಕು ಅನ್ನುತ್ತದೆ ಕಾನೂನು. ಆಮೇಲೆ ಸಾಲ ಕೊಟ್ಟವರ ಸಭೆ ಅಂತ ಒಂದು ನಡೆಯುತ್ತದೆ. ಅವತ್ತು ನಾನೂ ಜೊತೆಯಲ್ಲಿ ಹೋಗಿದ್ದೆ. ಬೈಗುಳ, ರಂಪ ಇರುತ್ತದೆ ಅಂದುಕೊಂಡಿದ್ದೆ. ಕೇಸು ನೋಡಿಕೊಳ್ಳುವ ಟ್ರಸ್ಟಿ ಗುರುತಿನ ಚೀಟಿ ನೋಡಿ ಪ್ರಮಾಣ ಮಾಡಿಸಿದರು. ಅರ್ಜಿ ಓದಿ ಸಹಿ ಹಾಕಿದ್ದೀರಾ, ಆಸ್ತಿ ಎಲ್ಲ ತೋರಿಸಿದ್ದೀರಾ, ಯಾರಿಗಾದರೂ ಇತ್ತೀಚೆಗೆ ಏನಾದರೂ ವರ್ಗಾಯಿಸಿದ್ದೀರಾ ಅಂತ ಕೇಳಿದರು. ಸಾಲ ಕೊಟ್ಟವರು ಯಾರೂ ಬಂದಿರಲಿಲ್ಲ. ಕೆಲವೇ ನಿಮಿಷದಲ್ಲಿ ಮುಂದಿನವರನ್ನು ಕರೆದರು. ಕೆಲವು ತಿಂಗಳಲ್ಲಿ ಸಾಲದಿಂದ ಬಿಡುಗಡೆಯ ಆದೇಶ ಬಂತು. ಕಂತು ಕಟ್ಟುತ್ತಿದ್ದ ಮನೆ, ಓಡಾಡುವ ಕಾರು ಉಳಿದವು.

ಬೆಲೆ ತೆರಲಿಲ್ಲ ಅಂತಲ್ಲ. ಕ್ರೆಡಿಟ್ ರಿಪೋರ್ಟಿನಲ್ಲಿ ಈ ಕಪ್ಪು ಚುಕ್ಕೆ 10 ವರ್ಷ ಇರುತ್ತದೆ. ಇನ್ನೊಮ್ಮೆ ಚಾಪ್ಟರ್ 7ರಲ್ಲಿ ಬಿಡುಗಡೆ ಬೇಕೆಂದರೆ 8 ವರ್ಷ ಕಾಯಬೇಕು. ಆಸ್ತಿ ಮುಚ್ಚಿಟ್ಟರೆ ಬಿಡುಗಡೆಯೂ ಇಲ್ಲ, ಜೈಲೂ ಆಗಬಹುದು. ಆದರೆ ಮನುಷ್ಯನನ್ನು ಸಮಾಜ ಹೊರಗೆ ಹಾಕುವುದಿಲ್ಲ. ಆ ಗೆಳೆಯರು ಈಗ ಸಣ್ಣದಾಗಿ ಬೋರ್ಡು ಬರೆಯುವ ಕೆಲಸ ಮಾಡಿಕೊಂಡಿದ್ದಾರೆ. ಕಾಗದ ಸಪ್ಲೈ ಮಾಡುತ್ತಿದ್ದ ಒಬ್ಬರಿಗೆ ತಿಂಗಳು ತಿಂಗಳು ಇಷ್ಟಿಷ್ಟು ಅಂತ ಕೊಡುತ್ತಿದ್ದಾರೆ. ಯಾರೂ ಕೇಳಿದ್ದಲ್ಲ.

ಊರಿನಲ್ಲಿ ಹೇಗೆ ಅಂತ ನಿಮಗೇ ಗೊತ್ತು. ಕೈಸಾಲ ಕೊಟ್ಟವರು ಬೆಳಿಗ್ಗೆಯೇ ಜಗಲಿ ಮೇಲೆ ಬಂದು ಕೂರುತ್ತಾರೆ. ಮುಂಗಡ ಬರೆದುಕೊಟ್ಟ ಚೆಕ್ ಬೌನ್ಸ್ ಆದರೆ ಸೆಕ್ಷನ್ 138ರ ಕೇಸು, 2 ವರ್ಷದವರೆಗೆ ಜೈಲು. ಮದುವೆಗೆ ಹೋದರೆ ಗುಸುಗುಸು. ಹೆಂಡತಿಯ ಒಡವೆ, ಅಪ್ಪನ ಮನೆ, ಜಾಮೀನು ಹಾಕಿದ ಭಾವಮೈದುನನ ಸೈಟು ಎಲ್ಲ ಒಟ್ಟಿಗೇ ಹೋಗುತ್ತವೆ.

ದಿವಾಳಿಗೆ 2016ರಲ್ಲಿ ಹೊಸ ಕಾಯ್ದೆ ಬಂತು, ಒಳ್ಳೆಯದೇ. ಕಂಪನಿಗಳಿಗೆ ಅದು ನಡೆಯುತ್ತಿದೆ. ಆದರೆ ಒಬ್ಬನೇ ಮಾಲೀಕನಾಗಿರುವ ಸಣ್ಣ ವ್ಯಾಪಾರಿಗೆ, ಸಾಮಾನ್ಯ ವ್ಯಕ್ತಿಗೆ ಅದರಲ್ಲಿ ಬರೆದಿರುವ ಭಾಗ ಇನ್ನೂ ಜಾರಿಯಾಗಿಲ್ಲ. ಅವರಿಗೆ ಈಗಲೂ 1909, 1920ರ ಬ್ರಿಟಿಷರ ಕಾಲದ ಕಾಯ್ದೆಗಳೇ ಗತಿ. ಜಾರಿಯಾಗಿರುವುದು ಯಾರಿಗೆ ಗೊತ್ತಾ? ಕಂಪನಿ ಸಾಲಕ್ಕೆ ಜಾಮೀನು ಹಾಕಿದವರಿಗೆ, 2019ರ ಡಿಸೆಂಬರ್‌ನಿಂದ. ಕಂಪನಿಯ ಸಾಲ ಇತ್ಯರ್ಥವಾದ ಮಾತ್ರಕ್ಕೆ ಜಾಮೀನುದಾರನ ಹೊಣೆ ತೀರುವುದಿಲ್ಲ ಅಂತ 2021ರ ಮೇನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಂದರೆ ಹಿಡಿಯುವ ಕೈ ಮೊದಲು ಬಂತು, ಬಿಡುವ ಕೈ ಇನ್ನೂ ಬಂದಿಲ್ಲ.

2019ರ ಜುಲೈ ಕೊನೆಯಲ್ಲಿ ಕಾಫಿ ಡೇ ಸಿದ್ಧಾರ್ಥ ಅವರ ಸುದ್ದಿ ಬಂದಾಗ ಇಲ್ಲಿನ ಕನ್ನಡಿಗರೆಲ್ಲ ಕಂಗಾಲಾಗಿದ್ದೆವು. ಆ ಸಾವಿಗೆ ಸಾಲವೊಂದೇ ಕಾರಣ ಅಂತ ಹೇಳಲು ನಾನು ಯಾರೂ ಅಲ್ಲ. ಆದರೆ ಆಮೇಲೆ ನಡೆದದ್ದನ್ನು ನೋಡಿ. ಕಂಪನಿ ಬೆಂಗಳೂರಿನ ಟೆಕ್ ಪಾರ್ಕ್ ಮಾರಿತು, ಸಾಲದ ದೊಡ್ಡ ಪಾಲು ಇಳಿಯಿತು. 2020ರ ಡಿಸೆಂಬರ್‌ನಲ್ಲಿ ಅವರ ಪತ್ನಿ ಮಾಳವಿಕಾ ಹೆಗ್ಡೆ ಸಿಇಒ ಆದರು. ಕಷ್ಟಗಳು ಮುಗಿಯಲಿಲ್ಲ, ಆದರೂ ವ್ಯಾಪಾರ ಮತ್ತೆ ಎದ್ದು ನಿಂತಿತು. ಕಟ್ಟಿದ ಮನುಷ್ಯ ಇರಲಿಲ್ಲ. ಅದು ನನ್ನನ್ನು ಇವತ್ತಿಗೂ ಕಾಡುತ್ತದೆ.

ಅಮೆರಿಕದ ದಾರಿಯನ್ನು ಹಾಗೆಯೇ ಎತ್ತಿಕೊಳ್ಳಿ ಅಂತ ನಾನು ಹೇಳುತ್ತಿಲ್ಲ. ದೊಡ್ಡವರು ಇಲ್ಲಿ ದಿವಾಳಿಯನ್ನೇ ವ್ಯಾಪಾರದ ಪಟ್ಟು ಮಾಡಿಕೊಳ್ಳುವುದುಂಟು. ಸರಕು ಕೊಟ್ಟ ಸಣ್ಣವರಿಗೆ ಚಿಲ್ಲರೆ ಕಾಸು ಸಿಕ್ಕರೆ ಪುಣ್ಯ. ‘ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ’ ಅನ್ನುವ ಗಾದೆ ಇಲ್ಲಿಗೂ ಒಪ್ಪುತ್ತದೆ. ತೀರಿಸಬೇಕು ಅನ್ನುವ ನಮ್ಮವರ ಹಟ ನನಗೆ ಹೆಮ್ಮೆಯದೇ, ಅದು ಹೋಗಬಾರದು.

ಆದರೆ ಆ ಹಟಕ್ಕೆ ಜಾಗ ಬೇಕು, ಸಮಯ ಬೇಕು. 2016ರ ಕಾಯ್ದೆಯಲ್ಲಿ ವ್ಯಕ್ತಿಗಳಿಗೆ ಇರುವ ಭಾಗವನ್ನು ಸರ್ಕಾರ ಮೊದಲು ಜಾರಿ ಮಾಡಲಿ. ಕುಟುಂಬ ವಾಸವಿರುವ ಮನೆಯನ್ನು ವ್ಯಾಪಾರದ ಜಾಮೀನಿನಿಂದ ಹೊರಗಿಡಲಿ. ಪ್ರಾಮಾಣಿಕವಾಗಿ ಸೋತವನಿಗೂ ಮೋಸ ಮಾಡಿದವನಿಗೂ ಬ್ಯಾಂಕುಗಳು ಒಂದೇ ನೋಟಿಸು ಕಳಿಸುವುದು ನಿಲ್ಲಲಿ. ಇವು ದೆಹಲಿಯಲ್ಲಿ ಆಗಬೇಕಾದ ಕೆಲಸ. ಅಷ್ಟರೊಳಗೆ, ನಿಮ್ಮ ಬಳಗದಲ್ಲಿ ಅಂಗಡಿ ಮುಚ್ಚಿದವರು ಯಾರಾದರೂ ಇದ್ದರೆ ಈ ವಾರವೇ ಒಂದು ಫೋನ್ ಮಾಡಿ. ಸಾಲದ ಮಾತು ಎತ್ತಬೇಡಿ, ಮುಂದೆ ಏನು ಮಾಡಬೇಕು ಅಂತಿದ್ದಾರೆ ಕೇಳಿ.