ಸಕ್ಕರೆ ಕಾಯಿಲೆಯ ಕಾಲುರಿಗೆ ಪೂರಕ ಗುಳಿಗೆಗಳು ಬೇಕೆ?

ಪರ: ಕೊರತೆ ತುಂಬಿದರೆ ಉರಿ ತಗ್ಗುತ್ತದೆ
(ಕೃಷಿಕ ಮಹಿಳೆ, ಹೊಸನಗರ ತಾಲ್ಲೂಕು)

ಪೂರಕ ಗುಳಿಗೆಗಳಿಗೆ ಖರ್ಚು ಮಾಡುವುದೆಲ್ಲ ದಂಡ ಎನ್ನುವವರು, ರೋಗಿಯ ನರ ಹಾಳಾಗಿರುವುದು ಸಕ್ಕರೆಯೊಂದರಿಂದಲೇ ಎಂದು ಮೊದಲೇ ತೀರ್ಮಾನಿಸಿರುತ್ತಾರೆ. ಸಕ್ಕರೆ ಇಳಿಸಲು ಕೊಡುವ ಮೆಟ್‌ಫಾರ್ಮಿನ್ ಗುಳಿಗೆಯನ್ನು ವರ್ಷಗಟ್ಟಲೆ ನುಂಗಿದವರಲ್ಲಿ ಬಿ12 ಜೀವಸತ್ವ ಕುಸಿಯಬಹುದು. ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ 2022ರಲ್ಲಿ ಇದನ್ನು ಸಾಮಾನ್ಯ ಅಡ್ಡಪರಿಣಾಮಗಳ ಸಾಲಿಗೇ ಸೇರಿಸಿತು. ಬಿ12 ಕಡಿಮೆಯಾದರೂ ಕಾಲು ಜೋಮು ಹಿಡಿಯುತ್ತದೆ, ಅಂಗಾಲು ಉರಿಯುತ್ತದೆ. ಮೀನು, ಮೊಟ್ಟೆ ಮುಟ್ಟದ ಮನೆಗಳಲ್ಲಿ ಈ ಜೀವಸತ್ವಕ್ಕೆ ಹಾಲು, ಮಜ್ಜಿಗೆಯೇ ಆಧಾರ.

ನಮ್ಮ ಅತ್ತೆಯವರು ಆಷಾಢದ ಮಳೆ ಸುರಿಯುವ ರಾತ್ರಿಗಳಲ್ಲೂ ಕಂಬಳಿಯಿಂದ ಕಾಲು ಹೊರಗೆ ಚಾಚಿ, ಅಂಗಾಲನ್ನು ತಣ್ಣನೆಯ ಗೋಡೆಗೆ ಒತ್ತಿಕೊಂಡು ಮಲಗುತ್ತಿದ್ದರು. ಒಣಮೆಣಸಿನ ಪುಡಿ ಸವರಿದ ಹಾಗಾಗುತ್ತದೆ ಎನ್ನುತ್ತಿದ್ದರು. ವೈದ್ಯರೊಬ್ಬರು ನರದ ನೋವಿಗೆ ಕೊಡುವ ಪ್ರಿಗಾಬಲಿನ್ ಬರೆದುಕೊಟ್ಟಾಗ ಉರಿಯೇನೋ ತಗ್ಗಿತು, ಆದರೆ ತಲೆ ತಿರುಗಿ ಬಚ್ಚಲಿನ ಮೆಟ್ಟಿಲಲ್ಲಿ ಜಾರಿಬಿದ್ದರು. ಶಿವಮೊಗ್ಗದಲ್ಲಿ ಇನ್ನೊಬ್ಬ ವೈದ್ಯರು ರಕ್ತ ಪರೀಕ್ಷೆ ಮಾಡಿಸಿದಾಗ ಬಿ12 ತೀರಾ ಕೆಳಗಿಳಿದಿತ್ತು. ಮೊದಲು ಬಿ12ರದೇ ಒಂದು ರೂಪವಾದ ಮೀಥೈಲ್‌ಕೋಬಾಲಮಿನ್ ಚುಚ್ಚುಮದ್ದು, ಆಮೇಲೆ ಅದರದೇ ಗುಳಿಗೆ. ಅಡಿಕೆ ಸುಲಿತ ಶುರುವಾಗುವ ಹೊತ್ತಿಗೆ ಅವರು ಮತ್ತೆ ಮೆಟ್ಟುಗತ್ತಿಯ ಮುಂದೆ ಕುಳಿತು ರಾತ್ರಿ ಊಟದ ತನಕ ಎಲ್ಲರಿಗೂ ಕೆಲಸ ಹೇಳುತ್ತಿದ್ದರು. ಸೊಸೆಯಂದಿರಿಗೆ ಇದರಿಂದ ಆದ ಕಷ್ಟದ ವಿಷಯ ಇಲ್ಲಿ ಬೇಡ.

ಬಿ12ರ ಮಾತು ಹೀಗಾದರೆ, ನರದ ಉರಿಗೆಂದು ಕೊಡುವ ಇನ್ನೊಂದು ಪೂರಕವಾದ ಆಲ್ಫಾ ಲಿಪೋಯಿಕ್ ಆಮ್ಲವನ್ನೂ ತಳ್ಳಿಹಾಕಬೇಕಿಲ್ಲ. ಜರ್ಮನಿಯ ವೈದ್ಯರು ಅದನ್ನು ದಶಕಗಳಿಂದ ಬಳಸುತ್ತ ಬಂದಿದ್ದಾರೆ; 2006ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ದಿನಕ್ಕೆ 600 ಮಿಲಿಗ್ರಾಂ ತೆಗೆದುಕೊಂಡವರಿಗೆ ಐದು ವಾರಗಳಲ್ಲಿ ಉರಿ, ನೋವು ಕಡಿಮೆಯಾಗಿತ್ತು. ಮುಂದೆ ಏನಾಯಿತೆಂದು ಕೇಳುವವರು ಕೇಳಲಿ, ನಿದ್ದೆಯಿಲ್ಲದೆ ಹೊರಳಾಡುವವರಿಗೆ ಐದು ವಾರದ ನಿದ್ದೆಯೂ ಸಣ್ಣದಲ್ಲ.

ವಿರೋಧ: ಗುಳಿಗೆಗಿಂತ ಮೊದಲು ಪಾದ ನೋಡಿಕೊಳ್ಳಿ
(ಔಷಧ ವ್ಯಾಪಾರಿ, ಶಿವಮೊಗ್ಗ)

ಈ ಗುಳಿಗೆಗಳನ್ನು ಮಾರುವ ನನಗೇ ವಿರೋಧದ ಪಾಲು ಬಂದಿರುವುದು ಸಂಪಾದಕರ ತಮಾಷೆಯಿರಬೇಕು, ಒಪ್ಪಿಕೊಂಡಾಗಿದೆ, ಬರೆಯುತ್ತೇನೆ. ಬಿ12 ಕೊರತೆಯೆಂದು ಪರೀಕ್ಷೆಯಲ್ಲಿ ಕಂಡವರ ವಿಷಯ ಬೇರೆ, ಅದನ್ನು ಇಲ್ಲಿಗೆ ಎಳೆಯುವುದು ಬೇಡ. ನನ್ನ ಅಂಗಡಿಗೆ ಬರುವವರಲ್ಲಿ ಬಹಳ ಮಂದಿ ಪರೀಕ್ಷೆಯ ವರದಿ ತರುವುದಿಲ್ಲ, ಪಕ್ಕದ ಮನೆಯವರು ನುಂಗಿ ಮುಗಿಸಿದ ಗುಳಿಗೆಯ ಖಾಲಿ ಸ್ಟ್ರಿಪ್ ತಂದು ತೋರಿಸುತ್ತಾರೆ.

ಆಲ್ಫಾ ಲಿಪೋಯಿಕ್ ಆಮ್ಲದ ಬಗೆಗಿನ ಪ್ರಯೋಗಗಳನ್ನು ಒಟ್ಟುಮಾಡಿ ನೋಡಿದ ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಶೋಧಕರ ಸಂಸ್ಥೆಯ 2024ರ ವಿಮರ್ಶೆ, ಆರು ತಿಂಗಳ ಬಳಿಕ ಅದರಿಂದ ಲಕ್ಷಣಗಳಲ್ಲಿ ಹೆಚ್ಚಿನ ವ್ಯತ್ಯಾಸವೇನೂ ಆಗಲಿಕ್ಕಿಲ್ಲ ಎಂದಿದೆ. ನರಕ್ಕೆಂದು ಮಾರುವ ಮಿಶ್ರ ಗುಳಿಗೆಗಳಲ್ಲಿ ಬಿ6 ಜೀವಸತ್ವ ಇರುವುದು ಸಾಮಾನ್ಯ. ಅದು ಅತಿಯಾದರೆ ನರಕ್ಕೇ ಪೆಟ್ಟು ಬೀಳುವುದರಿಂದ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರವು 2023ರಲ್ಲಿ ವಯಸ್ಕರಿಗೆ ದಿನಕ್ಕೆ 12 ಮಿಲಿಗ್ರಾಂ ಮಿತಿ ಹಾಕಿತು. ಆಹಾರ ಪೂರಕವೆಂದು ಮಾರುವ ಡಬ್ಬಿಗಳ ಮೇಲೆ ‘ಔಷಧವಾಗಿ ಬಳಸಲು ಅಲ್ಲ’ ಎಂದು ಮುದ್ರಿಸಬೇಕೆಂಬ ನಿಯಮ ನಮ್ಮ ದೇಶದಲ್ಲೇ ಇದೆ, ಓದುವವರು ಕಡಿಮೆ.

ನಮ್ಮ ಗಿರಾಕಿಯೊಬ್ಬರು ಮಳೆಗಾಲದಲ್ಲಿ ಬಚ್ಚಲ ಒಲೆಯ ಮುಂದೆ ಕಾಲು ಕಾಯಿಸುತ್ತ ಕುಳಿತು ಪಾದ ಸುಟ್ಟುಕೊಂಡರು. ಬೊಬ್ಬೆ ಒಡೆದು ನೆಲ ಒದ್ದೆಯಾದ ಮೇಲೆಯೇ ಅವರಿಗೆ ಗೊತ್ತಾದದ್ದು. ದಿನವೂ ಗುಳಿಗೆ ನುಂಗುತ್ತಿದ್ದ ಅವರು, ಉರಿ ನಿಂತದ್ದರಿಂದ ಗುಣವಾಯಿತೆಂದು ನಂಬಿದ್ದರು. ನರ ಪೂರ್ತಿ ಸ್ಪರ್ಶ ಕಳೆದುಕೊಂಡಾಗಲೂ ಉರಿ ನಿಲ್ಲುತ್ತದೆ. ಅಂಗಾಲಿಗೆ ನೈಲಾನ್ ಎಳೆ ಒತ್ತಿ, ತಿಳಿಯುತ್ತದೆಯೇ ಎಂದು ವೈದ್ಯರು ನೋಡುವ ಪರೀಕ್ಷೆಯನ್ನು ವರ್ಷಕ್ಕೊಮ್ಮೆಯಾದರೂ ಮಾಡಿಸಿಕೊಳ್ಳಿ ಎಂದು ಗಿರಾಕಿಗಳಿಗೆ ಹೇಳುತ್ತಲೇ ಇರುತ್ತೇನೆ. ಅವರು ಸ್ಟ್ರಿಪ್ಪಿಗೆಷ್ಟು ಎಂದು ಕೇಳುತ್ತಾರೆ, ನಾನು ಕೊಡುತ್ತೇನೆ.