ಕ್ಯಾಲ್ಸಿಯಂ ಮಾತ್ರೆ ನುಂಗುವ ಮುಂಚೆ ಸ್ಟ್ರಿಪ್ ತಿರುಗಿಸಿ ಓದಿ

ಮೂಳೆಗೆ ಒಳ್ಳೇದು ಅನ್ನೋ ಒಂದೇ ಮಾತು ಸಾಕು, ಯಾರನ್ನೂ ಕೇಳದೆ ವರ್ಷಗಟ್ಟಲೆ ಕ್ಯಾಲ್ಸಿಯಂ ನುಂಗುವವರು ಎಷ್ಟೋ ಜನ. ಒಳ್ಳೇದೇ, ಇಲ್ಲ ಅನ್ನಲ್ಲ. ಆದರೆ ಕಡಿಮೆ ಬಿದ್ದಷ್ಟನ್ನು ಮಾತ್ರ, ಸರಿಯಾದ ಹೊತ್ತಿಗೆ ತಗೊಂಡರೆ.

ವಯಸ್ಕರಿಗೆ ದಿನಕ್ಕೆ ಸುಮಾರು 1000 ಮಿ.ಗ್ರಾಂ ಬೇಕು, 50 ದಾಟಿದ ಹೆಂಗಸರಿಗೆ 1200. ಇದು ಊಟದ್ದೂ ಮಾತ್ರೆಯದ್ದೂ ಸೇರಿದ ಲೆಕ್ಕ. ಹೆಚ್ಚಿನವರು ಎಡವೋದು ಇಲ್ಲೇ. 250 ಮಿ.ಲೀ ಹಾಲಲ್ಲೇ 300 ಮಿ.ಗ್ರಾಂ ಹತ್ತಿರ ಇರುತ್ತೆ. ಹಾಲು ಮೊಸರಿಂದ 600, ಉಳಿದ ಊಟದಿಂದ 200 ಬರ್ತಿದ್ದರೆ, ಬಾಕಿ ಬೇಕಾಗಿರೋದು 200ರಿಂದ 400. ಅದಕ್ಕೆ ದಿನಕ್ಕೆ ಎರಡು ದೊಡ್ಡ ಮಾತ್ರೆ ಯಾಕೆ?

ಈಗ ಸ್ಟ್ರಿಪ್ ನೋಡಿ. ದಪ್ಪಕ್ಷರದಲ್ಲಿ 'ಕ್ಯಾಲ್ಸಿಯಂ ಕಾರ್ಬೊನೇಟ್ 1250 ಮಿ.ಗ್ರಾಂ', ಅದರ ಕೆಳಗೆ ಕಣ್ಣಿಗೆ ಬೀಳದ ಹಾಗೆ 'ಎಲಿಮೆಂಟಲ್ ಕ್ಯಾಲ್ಸಿಯಂ 500 ಮಿ.ಗ್ರಾಂ'. ನಿಮಗೆ ಬೇಕಾದ ಅಂಕಿ ಆ ಸಣ್ಣದ್ದು. ಕಾರ್ಬೊನೇಟ್‌ನಲ್ಲಿ ನಿಜವಾದ ಕ್ಯಾಲ್ಸಿಯಂ ಶೇ. 40, ಇನ್ನೊಂದು ಬಗೆಯಾದ ಕ್ಯಾಲ್ಸಿಯಂ ಸಿಟ್ರೇಟ್‌ನಲ್ಲಿ ಶೇ. 21 ಅಷ್ಟೇ. ಡಬ್ಬಿಯಲ್ಲಿ ಬರೋ ಮಾತ್ರೆಗಳಾದರೆ, ಬರೆದಿರೋ ಅಂಕಿ ಒಂದು ಮಾತ್ರೆಗೋ ಎರಡಕ್ಕೋ ಅನ್ನೋದನ್ನೂ ನೋಡಿಕೊಳ್ಳಿ.

ಒಂದು ಸಲಕ್ಕೆ 500 ಮಿ.ಗ್ರಾಂ ದಾಟಬೇಡಿ. ಪ್ರಮಾಣ ಹೆಚ್ಚಾದಷ್ಟೂ ಕರುಳು ಹೀರಿಕೊಳ್ಳೋ ಪಾಲು ಕಮ್ಮಿ ಆಗುತ್ತೆ. 1000 ಬರೆದುಕೊಟ್ಟಿದ್ದರೆ ಬೆಳಗ್ಗೆ ಒಂದು, ರಾತ್ರಿ ಒಂದು. ಕಾರ್ಬೊನೇಟ್ ಕರಗೋಕೆ ಹೊಟ್ಟೆಯ ಆಮ್ಲ ಬೇಕು, ಅದು ಊಟದ ಹೊತ್ತಿಗೆ ಸುರಿಯುತ್ತೆ, ಹಾಗಾಗಿ ಊಟದ ಜೊತೆಗೇ ತಗೊಳ್ಳಿ. ಸಿಟ್ರೇಟ್‌ಗೆ ಆ ಕಟ್ಟುಪಾಡಿಲ್ಲ. ಗ್ಯಾಸ್ಟ್ರಿಕ್ ಅಂತ ದಿನಾ ಆಮ್ಲ ತಗ್ಗಿಸೋ ಪ್ಯಾಂಟೊಪ್ರಜೋಲ್ ಅಥವಾ ಒಮೆಪ್ರಜೋಲ್ ತಗೊಳ್ಳುವವರಿಗೆ, ಕಾರ್ಬೊನೇಟ್‌ನಿಂದ ಹೊಟ್ಟೆಯುಬ್ಬರ, ಮಲಬದ್ಧತೆ ಆಗುವವರಿಗೆ ಸಿಟ್ರೇಟೇ ವಾಸಿ. ಬದಲಾಯಿಸೋಣವಾ ಅಂತ ಡಾಕ್ಟರನ್ನು ಕೇಳಿ.

ನನ್ನ ಪ್ರಕಾರ ಹೆಚ್ಚು ಹಾನಿ ಆಗೋದು ಬೇರೆ ಮಾತ್ರೆಗಳ ಜೊತೆ ಒಟ್ಟಿಗೆ ನುಂಗೋದ್ರಿಂದ. ಥೈರಾಯ್ಡ್‌ಗೆ ಲಿವೊಥೈರಾಕ್ಸಿನ್ ತಗೊಳ್ಳುವವರು ಅದಕ್ಕೂ ಕ್ಯಾಲ್ಸಿಯಂಗೂ 4 ಗಂಟೆ ಅಂತರ ಬಿಡಲೇಬೇಕು. ಹೊಟ್ಟೆಯಲ್ಲೇ ಕ್ಯಾಲ್ಸಿಯಂ ಅದನ್ನು ಹಿಡಿದಿಟ್ಟುಕೊಳ್ಳುತ್ತೆ, ರಕ್ತಕ್ಕೆ ಸೇರೋದು ಕಡಿಮೆಯಾಗುತ್ತೆ, ಥೈರಾಯ್ಡ್ ಪರೀಕ್ಷೆಯಲ್ಲಿ ನೋಡೋ ಟಿಎಸ್‌ಎಚ್ ಏರುತ್ತೆ, ಆಮೇಲೆ ಥೈರಾಯ್ಡ್ ಮಾತ್ರೆಯ ಡೋಸ್ ಹೆಚ್ಚಿಸ್ತಾರೆ. ತಪ್ಪಿದ್ದದ್ದು ಹೊತ್ತು ಮಾತ್ರ! ಕಬ್ಬಿಣದ ಮಾತ್ರೆಗೆ 2 ಗಂಟೆ ಅಂತರ ಇರಲಿ. ಗರ್ಭಿಣಿಯರಿಗೆ ಇವೆರಡನ್ನೂ ಒಟ್ಟಿಗೇ ಬರೆದುಕೊಡೋದ್ರಿಂದ ಒಂದನ್ನು ಬೆಳಗ್ಗೆ, ಇನ್ನೊಂದನ್ನು ರಾತ್ರಿ ಅಂತ ಇಟ್ಟುಕೊಂಡರೆ ಗೊಂದಲವಿಲ್ಲ. ಸಿಪ್ರೊಫ್ಲಾಕ್ಸಾಸಿನ್‌ನಂಥ ಆಂಟಿಬಯಾಟಿಕ್ ಇದ್ದರೆ ಅದನ್ನು ಕ್ಯಾಲ್ಸಿಯಂಗಿಂತ 2 ಗಂಟೆ ಮೊದಲು, ಇಲ್ಲವೇ 6 ಗಂಟೆ ಆದಮೇಲೆ. ಮೂಳೆ ಸವೆತಕ್ಕೆ ಕೊಡೋ ಅಲೆಂಡ್ರೊನೇಟನ್ನು ಬೆಳಗ್ಗೆ ಖಾಲಿ ಹೊಟ್ಟೆಗೆ ಬರೀ ನೀರಲ್ಲೇ ನುಂಗಿ, ಕನಿಷ್ಠ ಅರ್ಧ ಗಂಟೆ ಮಲಗದೆ, ಬೇರೇನೂ ತಗೊಳ್ಳದೆ ಇರಬೇಕು. ಕ್ಯಾಲ್ಸಿಯಂ ಊಟದ ಹೊತ್ತಿಗೆ ಸಾಕು. ಬಿಪಿಗೆ ಥಯಾಜೈಡ್ ಜಾತಿಯ ಮಾತ್ರೆ, ಹೃದಯಕ್ಕೆ ಡಿಗಾಕ್ಸಿನ್ ನಡೀತಿದ್ದರೆ ಡಾಕ್ಟರಿಗೆ ಹೇಳದೆ ಕ್ಯಾಲ್ಸಿಯಂ ಶುರು ಮಾಡಲೇಬೇಡಿ.

ಕಿಡ್ನಿ ಕಲ್ಲಿನ ಭಯಕ್ಕೆ ಹಾಲು ಮೊಸರು ಬಿಡುವವರಿದ್ದಾರೆ, ಅದು ಉಲ್ಟಾ. ಊಟದಲ್ಲಿರೋ ಕ್ಯಾಲ್ಸಿಯಂ ಕರುಳಲ್ಲೇ ಕಲ್ಲು ಕಟ್ಟೋ ಆಕ್ಸಲೇಟನ್ನು ಹಿಡಿದು ಹೊರಗೆ ಹಾಕುತ್ತೆ, ಕಲ್ಲಾಗೋದನ್ನು ತಡೆಯುತ್ತೆ. ಅಪಾಯ ಇರೋದು ಮಾತ್ರೆ ಅತಿಯಾದಾಗ. ಅಮೆರಿಕದ ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್ ಅಧ್ಯಯನದಲ್ಲಿ (2006ರಲ್ಲಿ ಪ್ರಕಟವಾದದ್ದು) 36,282 ಹೆಂಗಸರಿದ್ದರು. ದಿನಕ್ಕೆ 1000 ಮಿ.ಗ್ರಾಂ ಕ್ಯಾಲ್ಸಿಯಂ, 400 ಐಯು ವಿಟಮಿನ್ ಡಿ ಪಡೆದವರಲ್ಲಿ ಕಿಡ್ನಿ ಕಲ್ಲಿನ ಸಾಧ್ಯತೆ ಶೇ. 17ರಷ್ಟು ಹೆಚ್ಚಿತ್ತು. ಅವರ ಕ್ಯಾಲ್ಸಿಯಂ ಸೇವನೆ ಸರಾಸರಿಯಲ್ಲಿ ಮೊದಲೇ ಸಾವಿರ ದಾಟಿತ್ತು ಅನ್ನೋದನ್ನು ಮರೆಯಬಾರದು. 50 ದಾಟಿದವರಿಗೆ ಎಲ್ಲಾ ಸೇರಿ ದಿನಕ್ಕೆ 2000 ಮಿ.ಗ್ರಾಂ ಮೇಲ್ಮಿತಿ, 19ರಿಂದ 50ರೊಳಗಿನವರಿಗೆ 2500.

ಮಾತ್ರೆ ಕರಗುತ್ತೋ ಇಲ್ಲವೋ ಅಂತ ಅನುಮಾನ ಇದ್ದರೆ ಒಂದು ಕಾರ್ಬೊನೇಟ್ ಮಾತ್ರೆಯನ್ನು ಚಿಕ್ಕ ಬಟ್ಟಲಲ್ಲಿ ವಿನೆಗರ್‌ಗೆ ಹಾಕಿ, ಆಗಾಗ ಕಲಕಿ. ಗುಳ್ಳೆ ಎದ್ದು, ಅಂಚು ಉದುರಿ, ಅರ್ಧ ಗಂಟೆಯಲ್ಲಿ ತಳದಲ್ಲಿ ಬಿಳಿ ಪುಡಿ ಮಾತ್ರ ಉಳಿದರೆ ಸರಿ. ಇಡೀ ಮಾತ್ರೆ ಹಾಗೇ ಕೂತಿದ್ದರೆ ಬೇರೆ ತಗೊಳ್ಳಿ.

ವಿಟಮಿನ್ ಡಿ ವಿಷಯದಲ್ಲಿ ಒಂದೇ ಎಚ್ಚರಿಕೆ: ವಾರಕ್ಕೊಂದು ಅಂತ ಬರೆದದ್ದನ್ನು ದಿನಾ ನುಂಗಬೇಡಿ. ಕ್ಯಾಲ್ಸಿಯಂ ಜೊತೆ ಅದೂ ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತೆ. ತೀರದ ಬಾಯಾರಿಕೆ, ಪದೇ ಪದೇ ಮೂತ್ರ, ವಾಕರಿಕೆ, ಮಲಬದ್ಧತೆ, ಮಂಕು ಕವಿದ ಹಾಗೆ ಆಗೋದು, ಇವು ಕಂಡರೆ ಎರಡೂ ನಿಲ್ಲಿಸಿ ಅವತ್ತೇ ಡಾಕ್ಟರನ್ನು ಕಂಡು ರಕ್ತದ ಕ್ಯಾಲ್ಸಿಯಂ, ಕಿಡ್ನಿ ಹೇಗಿದೆ ಅಂತ ತಿಳಿಸೋ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ. ಹೋಗುವಾಗ ನುಂಗ್ತಿರೋ ಎಲ್ಲಾ ಸ್ಟ್ರಿಪ್ಪುಗಳನ್ನೂ ಜೊತೆಗೆ ಒಯ್ಯಿರಿ.